ಒಂದೇ ಜಗ್ಗು

ಭಾವ ಸತ್ತ ಮೂರನೆಯ ದಿನ ಬೆಳಿಗ್ಗೆ ಅವನನ್ನು ಠಾಣೆಗೆ ಕರೆಸಿ ನೆಲದ ಮೇಲೆ ಕೂರಿಸಿದರು. ಪಕ್ಕದಲ್ಲೇ ಬೆಂಚಿತ್ತು. ಖಾಲಿ ಬೆಂಚು. ಅದರ ಮೇಲೆ ಕೂರಲು ಹೋದಾಗ ಪೇದೆ ಲಾಠಿಯಿಂದ ನೆಲ ತೋರಿಸಿದ. ಮೂರು ದಿನದಲ್ಲಿ ಅವನು ಹತ್ತು ಸಲ ಸೋಪು ಹಚ್ಚಿ ಮೈ ತಿಕ್ಕಿಕೊಂಡಿದ್ದ. ಮೊಣಕೈಯ ಚರ್ಮ ಕಿತ್ತುಬಂದಿತ್ತು. ಆದರೂ ರೈಟರು ಒಂದು ಕೈಯಲ್ಲಿ ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಪೆನ್ನು ಎತ್ತಿಕೊಂಡರು.

ಕಂಪನಿಯಲ್ಲಿ ಅವನನ್ನು ಎಲ್ಲರೂ ಹಗ್ಗದವನು ಎನ್ನುತ್ತಿದ್ದರು. ಒಳಚರಂಡಿ ಕಟ್ಟಿಕೊಂಡಾಗ ಇಬ್ಬರು ಹೋಗುತ್ತಾರೆ. ಒಬ್ಬ ಗುಂಡಿಗೆ ಇಳಿಯುತ್ತಾನೆ, ಇನ್ನೊಬ್ಬ ಮೇಲೆ ನಿಂತು ಹಗ್ಗ ಹಿಡಿಯುತ್ತಾನೆ. ಇಳಿಯುವವನು ಭಾವ, ಅಕ್ಕನ ಗಂಡ. ಹಿಡಿಯುವವನು ಇವನು. ಹನ್ನೊಂದು ವರ್ಷದಿಂದ ಇದೇ ಜೋಡಿ.

ಹಗ್ಗ ಹಿಡಿಯುವುದೇನು ಮಹಾ, ದನ ಹಿಡಿದುಕೊಂಡ ಹಾಗೆ ಹಿಡಿದುಕೊಂಡು ನಿಂತರಾಯಿತು ಎನ್ನುವವರಿದ್ದಾರೆ. ಅಂಥವರು ಒಂದು ದಿನ ಬಂದು ಹಿಡಿಯಲಿ. ಕೆಳಗೆ ಇಳಿದವನ ದನಿ ಮೇಲೆ ಬರುವುದಿಲ್ಲ. ಮೇಲೆ ಲಾರಿ, ಬಸ್ಸು, ಹಾರನ್ನು. ಅದೂ ಅಲ್ಲದೆ ಅಲ್ಲಿ ಬಾಯಿ ತೆರೆಯುವ ಹಾಗೇ ಇಲ್ಲ. ತೆರೆದರೆ ಏನು ಒಳಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕೆ? ಆದ್ದರಿಂದ ಹಗ್ಗವೇ ಮಾತಾಡಬೇಕು. ಒಂದು ಜಗ್ಗು ಬಂದರೆ: ಬಿಡು, ಇನ್ನಷ್ಟು ಸಡಿಲ ಬೇಕು. ಎರಡು ಬಂದರೆ: ಹಾಗೇ ಹಿಡಿದಿರು. ಮೂರು ಬಂದರೆ: ಎಳಿ, ಮೇಲಕ್ಕೆ ತೆಗಿ. ಅಪ್ಪನ ಕಾಲದಿಂದ ಬಂದ ಲೆಕ್ಕ ಇದು. ಯಾವ ಪುಸ್ತಕದಲ್ಲೂ ಇಲ್ಲ, ಯಾವ ಕಂಪನಿಯೂ ಕಲಿಸಿದ್ದಲ್ಲ. ಅಂಗೈಗೆ ಬಟ್ಟೆ ಸುತ್ತಿಕೊಂಡು, ಎಲ್ಲ ಜೀವವನ್ನೂ ತೋರುಬೆರಳ ಬುಡಕ್ಕೆ ತಂದುಕೊಂಡು ನಿಲ್ಲಬೇಕು. ಕಣ್ಣು ಬೇರೆ ಕಡೆ ಹೋದರೆ ಪರವಾಗಿಲ್ಲ. ಕೈ ಹೋಗುವಂತಿಲ್ಲ.

ಭಾವ ತಮಾಷೆ ಮನುಷ್ಯ. ಮನೆಯಲ್ಲೂ ಅದೇ ಭಾಷೆ ಬಳಸುತ್ತಿದ್ದ. ಊಟಕ್ಕೆ ಕೂತಾಗ ಅಕ್ಕನ ಸೆರಗು ಹಿಡಿದು ಒಂದು ಸಲ ಜಗ್ಗಿದರೆ ಇನ್ನಷ್ಟು ಬಡಿಸು ಎಂದು. ಊಟ ಮುಗಿಸಿ ಮೂರು ಸಲ ಜಗ್ಗಿದರೆ, ಸೊಂಟ ಹಿಡಿದಿದೆ, ಎಬ್ಬಿಸು ಎಂದು. ಅಕ್ಕ ಬಯ್ಯುತ್ತಲೇ ಎರಡೂ ಕೈ ಕೊಟ್ಟು ಎಬ್ಬಿಸುತ್ತಿದ್ದಳು. "ಗುಂಡೀಲಿ ಒಬ್ಬ ಎಳೀಬೇಕು, ಮನೇಲಿ ಒಬ್ಬಳು ಎಳೀಬೇಕು. ರಾಜಯೋಗ ಕಣ್ರೀ ನಿಮ್ಮದು" ಎನ್ನುತ್ತಿದ್ದಳು.

ಕಾಯಿದೆ ಪ್ರಕಾರ ಮನುಷ್ಯರನ್ನು ಗುಂಡಿಗೆ ಇಳಿಸುವಂತಿಲ್ಲ. ಬಹಳ ಒಳ್ಳೆಯ ಕಾಯಿದೆ. ಯಂತ್ರದ ಲಾರಿ ಬಂದು ಹೀರಬೇಕು. ಆ ಲಾರಿ ಕಂಪನಿಯ ಅಂಗಳದಲ್ಲಿ ನಿಂತಿದೆ. ದೊಡ್ಡವರು ಬಂದಾಗ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಇಳಿಸುವಂತಿಲ್ಲ ಎಂದ ಮೇಲೆ ಯಾರೂ ಇಳಿಸಿಲ್ಲ. ಯಾರೂ ಇಳಿಸಿಲ್ಲ ಎಂದ ಮೇಲೆ ಇಳಿದು ಸತ್ತವನು ತಾನಾಗಿಯೇ ಇಳಿದಿರಬೇಕು. ತಾನಾಗಿಯೇ ಇಳಿದ ಎಂದರೆ ಏನೋ ಕದಿಯಲಿಕ್ಕೇ ಇಳಿದಿರಬೇಕು. ನೋಡಿ, ಎಷ್ಟು ಸಲೀಸಾಗಿ ಬಂತು.

ರೈಟರು ಬರೆದದ್ದು ಅದನ್ನೇ. ಬರೆದು, ಗಂಟಲು ಸರಿಮಾಡಿಕೊಂಡು ಓದಿದರು.

"ಸದರಿ ಆರೋಪಿಯು ಮೃತನೊಂದಿಗೆ ಕೂಡಿಕೊಂಡು, ಒಳಚರಂಡಿಯ ಮೂಲಕ ಹಾದುಹೋಗಿರುವ ಕೇಬಲ್ಲುಗಳನ್ನು ಕಳವು ಮಾಡುವ ಸಮಾನ ಉದ್ದೇಶದಿಂದ ಸದರಿ ಸ್ಥಳಕ್ಕೆ ಬಂದು, ಆಚೀಚೆ ನೋಡಿ ಯಾರೂ ಗಮನಿಸುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಮುಚ್ಚಳವನ್ನು ಮೀಟಿ ತೆಗೆದು, ಮೃತನನ್ನು ಕೆಳಗಿಳಿಸಿ, ನಿರ್ಲಕ್ಷ್ಯದಿಂದ ಹಗ್ಗವನ್ನು ಸಡಿಲಗೊಳಿಸಿದ್ದರಿಂದ..."

"ಸಾರ್, ನಾನು ಹೀಗೆ ಹೇಳ್ಲಿಲ್ಲ" ಎಂದ ಹಗ್ಗದವನು.

"ನೀನು ಹೇಳಿದ್ದನ್ನೇ ಕಣೋ ಬರೆದಿರೋದು. ಮುಚ್ಚಳ ತೆಗೆದ್ಯೋ ಇಲ್ವೋ?"

"ತೆಗೆದ್ವಿ."

"ಆಚೀಚೆ ನೋಡಿದ್ಯೋ ಇಲ್ವೋ?"

"ನೋಡಿದೆ ಸಾರ್. ಗಾಡಿ ಬರುತ್ತೆ ಅಂತ. ನಡುರಸ್ತೇಲಿ ಗುಂಡಿ ತೆರೆದಾಗ ನೋಡದೆ ಇರೋಕಾಗುತ್ತಾ?"

"ಹಗ್ಗ ಸಡಿಲ ಬಿಟ್ಯೋ ಇಲ್ವೋ?"

ಈ ಒಂದು ಪ್ರಶ್ನೆಗೆ ಮೂರು ದಿನದಿಂದ ಅವನ ಹತ್ತಿರ ಒಂದೇ ಉತ್ತರ. ಬಿಟ್ಟೆ.

"ಮತ್ತೆ? ಎಲ್ಲಾ ನಿಂದೇ ಮಾತು. ನಾನು ಸ್ವಲ್ಪ ನೆಟ್ಟಗೆ ಜೋಡಿಸಿದ್ದೀನಿ ಅಷ್ಟೆ."

ಗೋಡೆಯ ಮೇಲೆ ದೊಡ್ಡ ಪರದೆಯಿತ್ತು. ಊರ ಬೀದಿಗಳೆಲ್ಲ ಅದರಲ್ಲಿ ಚೌಕ ಚೌಕವಾಗಿ ಓಡಾಡುತ್ತಿದ್ದವು. ಎದುರಿಗಿದ್ದ ಲಾಕಪ್ಪಿನೊಳಗಿನವರಿಗೂ ಕಾಣಲಿ ಎಂದೇ ಅಲ್ಲಿ ಹಾಕಿದ್ದರಂತೆ. ಅದನ್ನು ನೋಡಿಕೊಳ್ಳುವ ಅಧಿಕಾರಿ ಇನ್ನೂ ಎಳೆಯ. ಅಪರಾಧದ ವಿಚಾರದಲ್ಲೇ ಎರಡು ಡಿಗ್ರಿ ಮಾಡಿದವನು. ಠಾಣೆಯಲ್ಲಿ ಅವನನ್ನು ಪರದೆ ಸಾಹೇಬ ಎನ್ನುತ್ತಿದ್ದರು. ಅವನು ಯಾರಿಗೂ ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನಗುನಗುತ್ತಲೇ ಮಾತಾಡುತ್ತಿದ್ದ. ಅವನನ್ನು ಕಂಡರೆ ಹಗ್ಗದವನಿಗೆ ಲಾಠಿಗಿಂತ ಹೆಚ್ಚು ಭಯವಾಯಿತು.

"ನೋಡಪ್ಪಾ ಇಲ್ಲಿ" ಎಂದು ಪರದೆ ಸಾಹೇಬ ಆ ದಿನದ ಚಿತ್ರ ಹಾಕಿದ. "ಇದು ನೀನು. ತಲೆ ಸುತ್ತ ಕೆಂಪು ಚೌಕ ಕಾಣ್ತಿದೆಯಾ? ಮೆಷಿನ್ನು ಹಾಕಿರೋದು. ಪಕ್ಕದಲ್ಲಿ ಎಂಬತ್ತೇಳು ಅಂತಿದೆಯಲ್ಲ, ಅದು ನಿನ್ನ ಗುಮಾನಿ ಅಂಕ. ನೂರಕ್ಕೆ."

"ನಾನೇನು ಮಾಡಿದೆ ಸಾರ್?"

"ಬಗ್ಗಿದೆ. ನಿಂತೆ. ಆಚೆ ಈಚೆ ನೋಡಿದೆ. ಒಂದೇ ಜಾಗದಲ್ಲಿ ಅಷ್ಟು ಹೊತ್ತು ಸುಮ್ನೆ ನಿಂತೆ. ಸಜ್ಜನರು ರಸ್ತೇಲಿ ಹಾಗೆ ನಿಲ್ಲಲ್ಲ, ನಡೀತಾ ಇರ್ತಾರೆ. ಎರಡು ವರ್ಷದಲ್ಲಿ ನೀವಿಬ್ಬರೂ ಇನ್ನೂರ ಹದಿನಾಲ್ಕು ಸಲ ಹೀಗೇ ಕೆಂಪು ಚೌಕಕ್ಕೆ ಬಂದಿದ್ದೀರಿ. ಇದು ನಾನು ಹೇಳ್ತಿರೋದಲ್ಲ. ಮೆಷಿನ್ನು ಹೇಳ್ತಿರೋದು. ಮೆಷಿನ್ನಿಗೆ ನಿನ್ನ ಮೇಲೆ ದ್ವೇಷ ಇದೆಯಾ?"

ಇನ್ನೂರ ಹದಿನಾಲ್ಕು ಸಲ. ಅಂದರೆ ಎರಡು ವರ್ಷದಲ್ಲಿ ಇನ್ನೂರ ಹದಿನಾಲ್ಕು ಗುಂಡಿ ತೆರೆದಿದ್ದೇವೆ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಕಂಪನಿಯ ಹಾಜರಿಪುಸ್ತಕದಲ್ಲಿ ಒಂದೂ ಇಲ್ಲ. ಅವರ ದುಡಿಮೆಯನ್ನು ಬರೆದಿಟ್ಟದ್ದು ಒಂದೇ ಕಡೆ, ಅದೂ ಕಳ್ಳತನ ಎಂದು.

ಚಿತ್ರ ಓಡುತ್ತಿತ್ತು. ಸದ್ದಿಲ್ಲ. ಭಾವ ಅಂಗಿ ಬಿಚ್ಚಿ ಮಡಚಿ ಕಲ್ಲಿನ ಮೇಲಿಟ್ಟ. ಸೊಂಟಕ್ಕೆ ಹಗ್ಗ ಸುತ್ತಿಸಿಕೊಂಡ. ಏನೋ ಹೇಳಿ ನಕ್ಕ. ಏನು ಹೇಳಿದ್ದ? "ಮಧ್ಯಾಹ್ನಕ್ಕೆ ಹಸಿವಾಗ್ಬಾರ್ದು ಅಂದ್ರೆ ಇಲ್ಲಿ ಇಳೀಬೇಕು ನೋಡು, ಊಟದ ಮೇಲಿನ ಆಸೇನೇ ಹೋಗುತ್ತೆ." ಅದು ಪರದೆಯಲ್ಲಿ ಇಲ್ಲ.

ಕಂಪನಿಯ ಮೇಸ್ತ್ರಿಯೂ ಇಲ್ಲ. ಅವನು ಆ ಹೊತ್ತಿನಲ್ಲಿ ಅಲ್ಲೇ ಇದ್ದ. ಮುಚ್ಚಳ ತೆಗೆದ ಮೇಲೆ ಒಳಗಿನ ವಿಷಗಾಳಿ ಹೋಗಲು ಒಂದು ಗಂಟೆಯಾದರೂ ಬಿಡಬೇಕು ಎಂದು ಭಾವ ಕೂತಾಗ, "ಏನ್ರೋ, ಪುರಾಣ ಕೇಳ್ತಾ ಕೂತಿದ್ದೀರಾ? ಅಂಗಡಿಯೋರು ಫೋನಿನ ಮೇಲೆ ಫೋನು ಮಾಡ್ತಿದ್ದಾರೆ, ಇಳೀರಿ. ಆಗಲ್ಲ ಅಂದ್ರೆ ಕಂಪನಿ ಕೊಟ್ಟ ಕೋಣೆ ಖಾಲಿ ಮಾಡಿ, ಬೇರೆ ಜೋಡಿ ಕಾಯ್ತಾ ಇದೆ" ಎಂದು ಕೆಂಪು ಹರಳಿನ ಉಂಗುರದ ಬೆರಳನ್ನು ಗುಂಡಿಯತ್ತ ಚಾಚಿದವನು ಅವನೇ. ಆದರೆ ನಿಂತದ್ದು ಕ್ಯಾಮೆರಾ ಕಂಬದ ಬುಡದಲ್ಲಿ. ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದ. ನೆರಳಿಗೆ ಎಂದು ಇವರು ತಿಳಿದಿದ್ದರು. ದೀಪದ ಬುಡದಲ್ಲಿ ಕತ್ತಲು ಎನ್ನುವುದನ್ನು ಮೇಸ್ತ್ರಿ ಇವರಿಗಿಂತ ಚೆನ್ನಾಗಿ ಅರಿತಿದ್ದ.

"ಈಗ ನೋಡು" ಎಂದ ಪರದೆ ಸಾಹೇಬ. "ಹನ್ನೊಂದು ಇಪ್ಪತ್ತೆರಡು. ಇಲ್ಲಿ ನೀನು ಹಗ್ಗ ಬಿಟ್ಟೆ."

ಪರದೆಯಲ್ಲಿ ಅವನ ಕೈ ಮುಂದೆ ಹೋಯಿತು. ಹಗ್ಗ ಒಂದು ಮಾರು ಕೆಳಗೆ ಸರಿಯಿತು. ಸಾಹೇಬ ಹಿಂದಕ್ಕೆ ತಿರುಗಿಸಿ ಮತ್ತೆ ತೋರಿಸಿದ. ಮತ್ತೆ ತೋರಿಸಿದ. ಪ್ರತಿ ಸಲವೂ ಅವನು ಬಿಟ್ಟ. ಪ್ರತಿ ಸಲವೂ ಭಾವ ಸತ್ತ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಗಾದೆ ಮಾಡಿದವರು ಹೊಟ್ಟೆ ತುಂಬಿದವರು. ನಾಲ್ಕು ಜನ ಸೇರಿ ನೀನೇ ಕಳ್ಳ, ನೀನೇ ಕಳ್ಳ ಎಂದು ಮೂರು ದಿನ ಹೇಳಿದರೆ ಕದಿಯದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ. ಹಗ್ಗದವನು ತನ್ನ ಅಂಗೈ ನೋಡಿಕೊಂಡ. ಭಾವನನ್ನು ಒಬ್ಬನೇ ಮೇಲೆಳೆಯುವಾಗ ಹಗ್ಗ ಉಜ್ಜಿ ಚರ್ಮವೆಲ್ಲ ಸುಲಿದಿತ್ತು. ಸುತ್ತ ಮೂವತ್ತು ಜನ ನಿಂತು ಫೋನಿನಲ್ಲಿ ಚಿತ್ರ ತೆಗೆದಿದ್ದರು. ಹಗ್ಗಕ್ಕೆ ಕೈ ಹಚ್ಚಲು ಒಬ್ಬನೂ ಬರಲಿಲ್ಲ, ಗಲೀಜು ತಾಗುತ್ತದಲ್ಲ. ಮೇಸ್ತ್ರಿ ಆ ಹೊತ್ತಿಗೆ ಕಂಬದ ಬುಡದಿಂದಲೂ ಮಾಯವಾಗಿದ್ದ.

ಅಷ್ಟರಲ್ಲಿ ಮೇಸ್ತ್ರಿ ಬಂದ. ಬೆಂಚಿನ ಮೇಲೆ ಕೂತ. ಯಾರೂ ಅವನಿಗೆ ನೆಲ ತೋರಿಸಲಿಲ್ಲ. ಅವನ ಹಿಂದೆಯೇ ಅಕ್ಕನೂ ಬಂದಳು. ಹೆಬ್ಬೆಟ್ಟು ಬೇಕು ಎಂದು ಅವಳನ್ನೂ ಕರೆಸಿದ್ದರು. ಮೂರು ದಿನದಲ್ಲಿ ಅವಳು ತಮ್ಮನ ಜೊತೆ ಆಡಿದ್ದು ಒಂದೇ ಮಾತು. ಹೆಣದ ಮುಂದೆ ಒಂದೇ ಸಲ, "ಯಾಕೋ ಬಿಟ್ಟೆ?" ಎಂದು ಕೇಳಿದ್ದಳು. ಯಾರೋ ಫೋನಿನಲ್ಲಿ ಅವಳಿಗೆ ಆ ಚಿತ್ರ ತೋರಿಸಿದ್ದರು. ಅವನು ಬಾಯಿ ತೆರೆಯಲಾರದೆ ಹೋಗಿದ್ದ. ಈಗ ಅವಳು ಗೋಡೆಗೆ ಒರಗಿ ನಿಂತಳು, ಇವನ ಕಡೆ ನೋಡಲಿಲ್ಲ. ಲೋಕವೆಲ್ಲ ತನ್ನನ್ನು ಕೊಲೆಗಾರ ಎಂದರೂ ತಡೆದುಕೊಂಡಾನು. ಅಕ್ಕ ಹಾಗಂದುಕೊಂಡು ಬದುಕಿದರೆ ಹೇಗೆ ತಡೆಯುವುದು?

"ನೋಡಮ್ಮಾ" ಎಂದರು ರೈಟರು. "ನಿನ್ನ ತಮ್ಮನ ತಪ್ಪಿನಿಂದ ಗಂಡ ಸತ್ತ ಅಂತ ಇದರಲ್ಲಿದೆ. ಒತ್ತು. ಅವನೂ ತನ್ನ ಹಾಳೆಗೆ ಸಹಿ ಹಾಕ್ಲಿ. ಕಳವಿನ ಪ್ರಯತ್ನ, ನಿರ್ಲಕ್ಷ್ಯ, ಅಷ್ಟರಲ್ಲೇ ಮುಗಿಯುತ್ತೆ. ಸ್ವಲ್ಪ ದಿನ ಒಳಗಿದ್ದು ಬರ್ತಾನೆ. ಹಾಕಲ್ಲ ಅಂದ್ರೆ ಕೊಲೆ ಅಂತ ಬರೀಬೇಕಾಗುತ್ತೆ. ಚಿತ್ರ ಬೇರೆ ಇದೆ."

ಮೇಸ್ತ್ರಿ ದನಿಯಲ್ಲಿ ಬೆಣ್ಣೆ ಸವರಿಕೊಂಡು ಹೇಳಿದ: "ಕಂಪನಿ ಕೈ ಬಿಡಲ್ಲ ತಾಯಿ. ಇದೊಂದು ಮುಗಿದ್ರೆ ಆ ಕೋಣೆ ನಿಮಗೇ ಇರುತ್ತೆ, ಮಗಳ ಸ್ಕೂಲು ನಿಲ್ಲಲ್ಲ, ನಿಮಗೂ ಗುಡಿಸೋ ಕೆಲಸ ಕೊಡಿಸ್ತೀನಿ. ಇಲ್ಲಾಂದ್ರೆ ನಾಳೇನೇ ಖಾಲಿ ಮಾಡಿ ಅಂತಾರೆ, ನನ್ನ ಕೈಲೇನೂ ಇಲ್ಲ. ಹೋದೋರು ವಾಪಸ್ ಬರ್ತಾರಾ?"

ಹಗ್ಗದವನು ಹಾಳೆ ನೋಡಿದ. ಸಹಿ ಹಾಕಿಬಿಡಬೇಕು ಅನ್ನಿಸಿತು. ಅಕ್ಕನಿಗೆ ಸೂರು ಉಳಿಯುತ್ತದೆ. ಹೇಗಿದ್ದರೂ ಬಿಟ್ಟದ್ದು ನಿಜ. ಠಾಣೆಯ ಈ ಕೋಣೆಗೆ ಕಿಟಕಿಯಿತ್ತು, ಬಾಗಿಲಿತ್ತು, ಆದರೂ ಗುಂಡಿಯೊಳಗೆ ಇಳಿದ ಹಾಗೆ ಉಸಿರು ಕಟ್ಟುತ್ತಿತ್ತು. ಪೆನ್ನು ಹಿಡಿದ. ಸುಲಿದ ಅಂಗೈಗೆ ಅದು ಉರಿಯಿತು.

ಆಗ ಮೇಸ್ತ್ರಿಯ ಫೋನು ಬಡಿದುಕೊಂಡಿತು. "ಹೂಂ, ಗೊತ್ತು ಸಾರ್, ನೀರು ಅಂಗಡಿ ಒಳಗೇ ನುಗ್ಗಿದೆಯಂತೆ. ಇವತ್ತೇ ಮಾಡಿಸ್ತೀನಿ. ಹೊಸ ಜೋಡಿ ರೆಡಿ ಇದೆ. ಅರ್ಧ ಗಂಟೇಲಿ ಇಳಿಸ್ತೀನಿ" ಎಂದು ಹೇಳಿ, ಠಾಣೆಯ ನಡುವೆಯೇ ನಿಂತು ಹೇಳಿ, ಫೋನು ಜೇಬಿಗಿಟ್ಟು ಮತ್ತೆ ಬೆಂಚಿನ ಮೇಲೆ ಕೂತ.

ಹಗ್ಗದವನು ಪೆನ್ನು ಕೆಳಗಿಟ್ಟ.

"ಕೇಳಿಸ್ತಾ ಸಾರ್?" ಎಂದ ರೈಟರಿಗೆ. "ಅದನ್ನು ಬರ್ಕೊಳ್ಳಿ. ಇಳಿಸ್ತೀನಿ ಅಂದ್ರು ಈಗ. ಅರ್ಧ ಗಂಟೇಲಿ. ಅದೇ ಗುಂಡಿಗೆ."

"ಏಯ್, ಅದೆಲ್ಲ ನಿನಗ್ಯಾಕೆ? ಸಹಿ ಹಾಕೋ."

"ಆ ಹಗ್ಗ ಕೊಡಿ ಒಂದು ನಿಮಿಷ."

ಹಗ್ಗ ಮೇಜಿನ ಮೇಲೆ ಚೀಟಿ ಅಂಟಿಸಿಕೊಂಡು ಮುದ್ದೆಮಾಲಾಗಿ ಬಿದ್ದಿತ್ತು. ಕೊಡುವ ಮೊದಲೇ ಅವನು ಎದ್ದು ಒಂದು ತುದಿ ಎಳೆದುಕೊಂಡ. ಇನ್ನೊಂದು ತುದಿ ಪರದೆ ಸಾಹೇಬನ ಕೈಗೆ ತುರುಕಿದ. ಸಾಹೇಬ ಗಾಬರಿಯಲ್ಲಿ ಹಿಡಿದುಕೊಂಡ. ಪೇದೆ ಲಾಠಿ ಎತ್ತಿದ.

"ಹಿಡ್ಕೊಳ್ಳಿ ಸ್ವಾಮಿ, ಕಚ್ಚಲ್ಲ ಅದು. ಈಗ ಬಂತಾ?" ಎಂದು ಒಂದು ಸಲ ಮೆಲ್ಲಗೆ ಜಗ್ಗಿದ. "ಬಂತಲ್ವಾ? ನಿಮ್ಮ ಕೈಗೆ ಬಂತು. ಪಕ್ಕದಲ್ಲಿರೋ ರೈಟರಿಗೆ ಕಾಣ್ತಾ? ಕೇಳಿ ಅವರನ್ನ. ಎರಡು ಮಾರು ದೂರದೋರಿಗೇ ಕಾಣದ್ದು ಕಂಬದ ಮೇಲಿನ ಕ್ಯಾಮೆರಾಗೆ ಎಲ್ಲಿಂದ ಕಾಣಬೇಕು? ಒಂದು ಜಗ್ಗು ಬಂದ್ರೆ ಬಿಡಬೇಕು. ಮೂರು ಬಂದ್ರೆ ಎಳೀಬೇಕು. ಇದು ನಮ್ಮ ಕಾಯಿದೆ. ಹನ್ನೊಂದು ಇಪ್ಪತ್ತೆರಡಕ್ಕೆ ನನ್ನ ಕೈಗೆ ಒಂದು ಬಂತು. ಒಂದೇ. ನಾನು ಬಿಟ್ಟೆ."

ಲಾಠಿ ಬೆನ್ನಿಗೆ ಬಿತ್ತು. ಅವನು ಹಗ್ಗ ಬಿಡಲಿಲ್ಲ.

"ಒಂದೇ ಬಂತು ಅಕ್ಕಾ. ಇನ್ನೆರಡಕ್ಕೆ ಕಾದೆ ಕಣೇ. ಬರಲೇ ಇಲ್ಲ. ಆಮೇಲೆ ಎಳೆದೆ."

ಅಕ್ಕ ಗೋಡೆ ಬಿಟ್ಟು ಮುಂದೆ ಬಂದಳು. ಮೂರು ದಿನದಲ್ಲಿ ಮೊದಲ ಸಲ ಅವನ ಮುಖ ನೋಡಿದಳು.

"ಒಂದೇ ಸಲ ಜಗ್ಗಿದ್ರಾ?"

"ಒಂದೇ ಸಲ."

"ಮೂರು ಜಗ್ಗೋಕೇ ಹೊರಟಿದ್ರು ಕಣೋ ಅವರು" ಎಂದಳು ಅಕ್ಕ. "ಒಂದಕ್ಕೇ ತ್ರಾಣ ಮುಗೀತು."

ಅವನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತ. ಅಕ್ಕ ಅಳಲಿಲ್ಲ. ರೈಟರ ಮೇಜಿನ ಮೇಲಿದ್ದ, ತಾನು ಹೆಬ್ಬೆಟ್ಟು ಒತ್ತಬೇಕಿದ್ದ ಹಾಳೆಯನ್ನು ಎತ್ತಿಕೊಂಡು ಕೇಳಿದಳು: "ಇದರಲ್ಲಿ ಕೆಳಗೆ ಇಳಿಸಿದೋರ ಹೆಸರು ಎಲ್ಲಿದೆ?"

"ಯಾರೂ ಇಳಿಸಿಲ್ವಲ್ಲಮ್ಮಾ. ಕಾಯಿದೇಲಿ ಇಲ್ಲ."

"ಹಾಗಾದ್ರೆ ಸತ್ತಿದ್ದೂ ಕಾಯಿದೇಲಿ ಇಲ್ಲ ಅನ್ನಿ. ಮನೆಗೆ ಕಳಿಸ್ಕೊಡಿ ನನ್ನ ಗಂಡನ್ನ." ಹಾಳೆಯನ್ನು ಮಡಚಿ ಮೇಸ್ತ್ರಿಯ ಮಡಿಲಿಗೆ ಹಾಕಿದಳು. "ಕೋಣೆ ಖಾಲಿ ಮಾಡ್ತೀನಿ ಮೇಸ್ತ್ರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಮನೆ ನನಗೆ ಬೇಡ."

ಹೊರಟುಹೋದಳು. ಮೇಸ್ತ್ರಿ ಗಡಿಯಾರ ನೋಡಿಕೊಂಡು ಅವಳ ಹಿಂದೆಯೇ ಓಡಿದ. ಅವನಿಗೆ ಅರ್ಧ ಗಂಟೆಯ ಅವಸರ.

"ಕೊನೇ ಸಲ ಕೇಳ್ತೀನಿ" ಎಂದರು ರೈಟರು. "ಹಾಕ್ತೀಯೋ ಇಲ್ವೋ?"

"ನನ್ನ ಕೈಯಿಂದ ಹಗ್ಗ ಬಿಡಿಸ್ಕೊಂಡ ಹಾಗೆ ನನ್ನ ಮಾತೂ ಬಿಡಿಸ್ಕೊಂಡ್ರಿ ಸಾರ್. ಹಾಕಲ್ಲ."

ರೈಟರು ಹಲ್ಲು ಕಡಿದು ಹಾಳೆಯ ಕೊನೆಯಲ್ಲಿ ಒಂದು ಸಾಲು ಬರೆದರು.

"ಏನು ಬರೆದ್ರಿ? ಓದಿ."

"ಆರೋಪಿಯು ಸಹಿ ಹಾಕಲು ನಿರಾಕರಿಸಿದ್ದಾನೆ ಅಂತ."

"ಅದೊಂದು ಮಾತು ಸರಿಯಾಗಿದೆ" ಎಂದ ಹಗ್ಗದವನು. "ಬೇಕಾದ್ರೆ ಆ ಸಾಲಿಗೆ ಸಹಿ ಹಾಕ್ತೀನಿ."

ಕಪಾಳಕ್ಕೆ ಬಿತ್ತು. ಕಿವಿ ಗುಂಯ್ ಎಂದಿತು. ಕುತ್ತಿಗೆ ಹಿಡಿದು ಲಾಕಪ್ಪಿಗೆ ತಳ್ಳಿ ಬೀಗ ಹಾಕಿದರು. ಒಳಗೆ ಮೂಲೆಯಲ್ಲಿ ಉಚ್ಚೆಯ ವಾಸನೆ. ಅದನ್ನು ತೊಳೆಯಲಿಕ್ಕೂ ನಾಳೆ ತನ್ನನ್ನೇ ಹಚ್ಚುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಕೊಲೆ ಎಂದು ಬರೆಯುತ್ತಾರೆ. ಹತ್ತು ವರ್ಷವೋ, ಹದಿನಾಲ್ಕೋ. ವಕೀಲರಿಲ್ಲ, ಸಾಕ್ಷಿಯಿಲ್ಲ. ಇದ್ದ ಒಂದೇ ಸಾಕ್ಷಿ ತನ್ನ ಅಂಗೈ. ಅಂಗೈ ಮಾತಾಡಿದರೆ ಯಾವ ಕೋರ್ಟು ಬರೆದುಕೊಳ್ಳುತ್ತದೆ?

ಸುಮಾರು ಹೊತ್ತಾದ ಮೇಲೆ ಪರದೆ ಸಾಹೇಬ, "ಅರೆ, ಇದ್ಯಾರು?" ಎಂದ.

ಅವನು ತಲೆಯೆತ್ತಿದ. ಎದುರಿನ ಪರದೆಯಲ್ಲಿ ಅಂಗಡಿ ಬೀದಿ. ರಸ್ತೆಯ ಮೇಲೆ ಕಪ್ಪು ನೀರು. ಅದರ ನಡುವೆ, ಆ ಗುಂಡಿಯ ಮುಚ್ಚಳದ ಮೇಲೆ ಅಕ್ಕ ಕಾಲು ಮಡಚಿ ಕೂತಿದ್ದಳು. ಸೀರೆಯೆಲ್ಲ ನೆನೆದಿತ್ತು. ಎದುರಿಗೆ ಹೊಸ ಜೋಡಿ, ಇಬ್ಬರೂ ಎಳೆಯ ಗಂಡಸರು. ಒಬ್ಬ ಅಂಗಿ ಬಿಚ್ಚಿದ್ದ. ಇನ್ನೊಬ್ಬನ ಹೆಗಲ ಮೇಲೆ ಹಗ್ಗದ ಸುರುಳಿ. ಇಬ್ಬರೂ ಆಚೆ ಈಚೆ ನೋಡುತ್ತಿದ್ದರು. ಇಬ್ಬರ ತಲೆಯ ಸುತ್ತಲೂ ಕೆಂಪು ಚೌಕ. ಚಿತ್ರದ ಕೆಳಗಿನ ಅಂಚಿನಿಂದ, ಕಂಬದ ಬುಡದಿಂದ, ಒಂದು ಕೈ ಮಾತ್ರ ಒಳಗೆ ಬಂದು ಬಂದು ಏಳು, ಏಳು ಎನ್ನುತ್ತಿತ್ತು. ಅದರ ಬೆರಳಲ್ಲಿ ಕೆಂಪು ಹರಳು.

"ಕೈ ಕಾಣ್ತಿದೆಯಲ್ಲ ಸ್ವಾಮಿ ಈಗ" ಎಂದು ಹಗ್ಗದವನು ಸರಳಿನ ಹಿಂದಿನಿಂದ ಕೂಗಿದ. "ಅದಕ್ಕೆ ಯಾಕೆ ಚೌಕ ಬರ್ಲಿಲ್ಲ?"

"ಮುಖ ಇಲ್ಲದೆ ಚೌಕ ಬರಲ್ಲ" ಎಂದ ಪರದೆ ಸಾಹೇಬ. ಎಂದೂ ಇಲ್ಲದೆ ಅವನ ಮುಖದಲ್ಲಿ ನಗು ಇರಲಿಲ್ಲ.

ಅಕ್ಕನ ತಲೆಯ ಸುತ್ತಲೂ ಚೌಕ ಬಂತು. ಅರವತ್ತು. ಎಪ್ಪತ್ತೆಂಟು. ತೊಂಬತ್ತೊಂದು. ಹೆಗಲ ಮೇಲೆ ಹಗ್ಗ ಇದ್ದವನಿಗೆ ಅವಳು ಏನೋ ಹೇಳಿದಳು. ಸದ್ದಿಲ್ಲ. ಅವನು ತನ್ನ ಅಂಗೈ ನೋಡಿಕೊಂಡ. ಆಮೇಲೆ ಹಗ್ಗವನ್ನು ನೀರಿನೊಳಗೆ ಬಿಟ್ಟು ಅವಳ ಪಕ್ಕದಲ್ಲಿ ಕೂತ. ಇನ್ನೊಬ್ಬನೂ ಕೂತ.

ಅಕ್ಕ ಕತ್ತೆತ್ತಿ ನೇರವಾಗಿ ಕ್ಯಾಮೆರಾವನ್ನು ನೋಡಿದಳು. ಬಲಗೈ ಮುಷ್ಟಿ ಕಟ್ಟಿ, ಕಾಣದ ಹಗ್ಗ ಹಿಡಿದ ಹಾಗೆ ಮೇಲೆತ್ತಿದಳು. ಜಗ್ಗಿದಳು. ಮತ್ತೊಮ್ಮೆ ಜಗ್ಗಿದಳು. ಮತ್ತೊಮ್ಮೆ.

"ಏನ್ರೀ ಮಾಡ್ತಿದ್ದಾಳೆ ಇವಳು?" ಎಂದರು ರೈಟರು, ಮೂಗಿನ ಕರ್ಚೀಫು ತೆಗೆದು.

"ಗೊತ್ತಾಗ್ತಿಲ್ಲ. ಮೆಷಿನ್ನಿಗೂ ಗೊತ್ತಾಗ್ತಿಲ್ಲ."

ಹಗ್ಗದವನು ಎದ್ದು ನಿಂತ. ಸುಲಿದ ಎರಡೂ ಅಂಗೈಗಳಿಂದ ಸರಳನ್ನು ಹಿಡಿದ. ಮೂರು ಬಂದರೆ ಎಳೆಯಬೇಕು. ಕಾಲು ಗೋಡೆಗೆ ಕೊಟ್ಟು ಎಳೆಯತೊಡಗಿದ.